ನಾವು ಒಂದನೇ ಕ್ಲಾಸಿನಲ್ಲಿದ್ದಾಗ ಬಿದ್ದ ಸಹಿ

ರೌಂಡ್ ರಾಕ್, ಟೆಕ್ಸಾಸ್
22 ಡಿಸೆಂಬರ್ 2025

ಮಂಜು,

ನೀನು ಕಳಿಸಿದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ ಕಣೋ. "ಬೇರೆ ದೇಶದಿಂದ ಹೋದವನು ನೀನು, ಹೋಗಿ ಹೋಗಿ ರಿಪಬ್ಲಿಕನ್ನರಿಗೆ ಓಟು ಹಾಕ್ತೀಯಲ್ಲ, ತಲೆ ನೆಟ್ಟಗಿದೆಯಾ?" ಅಂದಿದ್ದೀಯ. ವಾಟ್ಸಾಪಿನಲ್ಲಿ ಉತ್ತರ ಕೊಡೋಕೆ ಹೋದರೆ ಜಗಳವೇ ಆಗೋದು, ಅದಕ್ಕೆ ಈ ಕಾಗದ. ನಮ್ಮ ಬ್ಯಾಚಿನ ಉಳಿದವರೂ ಇದನ್ನೇ ಕೇಳ್ತಿರೋದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಬೈಗುಳದಲ್ಲಿ ಹಾಕಬಾರದ್ದನ್ನು ಬಿಟ್ಟಿದ್ದೇನೆ, ಹೆದರಬೇಡ.

ನಾನು ಕನ್ಸರ್ವೇಟಿವ್ ಅಂದ ತಕ್ಷಣ ನಿನಗೆ ಟ್ರಂಪ್ ಬೆಂಬಲಿಗರ ಕೆಂಪು ಟೋಪಿ ನೆನಪಾಗುತ್ತೆ. ನನಗೆ ನೆನಪಾಗೋದು ಪ್ರತಿಜ್ಞೆ. ಇಲ್ಲಿನ ಸೈನ್ಯಕ್ಕೆ ಸೇರುವಾಗ ಬಲಗೈ ಎತ್ತಿಸಿ ಹೇಳಿಸುತ್ತಾರೆ: ಮೊದಲು ಸಂವಿಧಾನವನ್ನು ಕಾಯುತ್ತೇನೆ ಅಂತ, ಅದಾದ ಮೇಲೆ ಅಧ್ಯಕ್ಷರ ಮತ್ತು ಮೇಲಧಿಕಾರಿಗಳ ಆದೇಶ ಪಾಲಿಸುತ್ತೇನೆ ಅಂತ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ನನ್ನ ರಾಜಕೀಯ. ಆಗ ನಾನಿನ್ನೂ ಇಲ್ಲಿನ ಪ್ರಜೆಯೂ ಆಗಿರಲಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸೇರಿಸಿಕೊಳ್ಳುತ್ತಾರೆ, ಪೌರತ್ವ ಸೇವೆಯಲ್ಲಿದ್ದಾಗ ಬಂತು.

ಆ ಸಂವಿಧಾನದ ಮೊದಲನೇ ವಿಧಿ, ಎಂಟನೇ ಸೆಕ್ಷನ್ನು, ಯುದ್ಧ ಸಾರುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿದೆ. (ಇಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ನಿಮ್ಮ ವಾರ್ಡಿನವರಲ್ಲ.) ಅದು ಕೊನೆಯ ಸಲ ನಿಯಮದ ಪ್ರಕಾರ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲ ಅದಾದ ಮೇಲಿನವು.

ನನ್ನನ್ನು ಅಫ್ಘಾನಿಸ್ತಾನದ ನಮ್ಮ ಸೇನಾ ನೆಲೆ ಬಗ್ರಾಮ್‌ಗೆ ಕಳಿಸಿದ್ದು ಯಾವ ಕಾಗದದ ಬಲದ ಮೇಲೆ ಗೊತ್ತಾ? 2001ರ ಸೆಪ್ಟೆಂಬರ್ 14ರಂದು ಎರಡೂ ಸದನಗಳು ಒಪ್ಪಿದ ಒಂದು ನಿರ್ಣಯ. ಅದರ ಜೀವ ಇರೋದೆಲ್ಲ ಸುಮಾರು ಅರವತ್ತು ಪದಗಳ ಒಂದೇ ವಾಕ್ಯದಲ್ಲಿ. ಸೆಪ್ಟೆಂಬರ್ 11ರ ದಾಳಿ ಮಾಡಿದವರ, ಅವರಿಗೆ ಆಶ್ರಯ ಕೊಟ್ಟವರ ಮೇಲೆ ಬೇಕಾದಷ್ಟು ಬಲ ಬಳಸಬಹುದು ಅಂತ. ಬುಷ್ ಅದಕ್ಕೆ ಸಹಿ ಹಾಕಿದ್ದು 18ನೇ ತಾರೀಖು. ಆಗ ನೀನೂ ನಾನೂ ಹಾಸನದಲ್ಲಿ ಒಂದನೇ ಕ್ಲಾಸು, ಸ್ಲೇಟು ಒರೆಸೋಕೆ ಎಂಜಲು ಹಚ್ಚುತ್ತಿದ್ದೆವು. 2018ರಲ್ಲಿ ಅದೇ ಸಹಿ ನನ್ನನ್ನು ವಿಮಾನ ಹತ್ತಿಸಿತು. ನಡುವೆ ಎಷ್ಟೋ ಹೊಸ ಸಂಸದರು ಬಂದರು, ಹೋದರು. "ಈ ಯುದ್ಧ ಇನ್ನೂ ಬೇಕಾ?" ಅಂತ ನೇರವಾಗಿ ಓಟು ಹಾಕುವ ಕಷ್ಟ ಅವರಲ್ಲಿ ಹೆಚ್ಚಿನವರಿಗೆ ಬರಲೇ ಇಲ್ಲ. 2001ರಲ್ಲಿ ಹುಟ್ಟೇ ಇರದ ಐಸಿಸ್ ಮೇಲಿನ ದಾಳಿಗೂ ಇದೇ ಕಾಗದವನ್ನು ಬಳಸಿದರು.

ಅವತ್ತು ಕೆಳಮನೆಯಲ್ಲಿ 420 ಜನ ಹೌದು ಅಂದರೆ ಒಬ್ಬರೇ ಇಲ್ಲ ಅಂದರು. ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಎಡಪಂಥೀಯ ಡೆಮಾಕ್ರಾಟ್. ತೆರಿಗೆ, ಗನ್ನು, ಗಡಿ, ಯಾವುದರಲ್ಲೂ ಆಕೆಗೂ ನನಗೂ ಹೊಂದಾಣಿಕೆ ಆಗಲ್ಲ. ಆದರೆ ಆ ದಿನ ಆ ಸದನದಲ್ಲಿದ್ದ ನಿಜವಾದ ಕನ್ಸರ್ವೇಟಿವ್ ಆಕೆಯೇ ಅಂತ ನಾನು ಹೇಳಿದಾಗ ನನ್ನ ಹಳೇ ಪ್ಲಟೂನಿನವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. 2024ರಲ್ಲಿ ಟ್ರಂಪ್‌ಗೆ ಓಟು ಹಾಕಿದೆ, ನಿಜ. ಹೊಸ ಯುದ್ಧ ಬೇಡ ಅನ್ನುವವರ ಪಕ್ಷ ಅದು ಅನ್ನೋ ನಂಬಿಕೆ ಇತ್ತು. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಾನ್ಸ್ ಮರೀನ್ ಸೈನಿಕನಾಗಿ ಇರಾಕಿಗೆ ಹೋಗಿ ಬಂದವರು. ಯುದ್ಧ ಶುರು ಮಾಡದಿದ್ದದ್ದೇ ಟ್ರಂಪ್ ಅವರ ವಿದೇಶಾಂಗ ನೀತಿಯ ಹೆಚ್ಚುಗಾರಿಕೆ ಅಂತ 2023ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. ಗಡಿಯ ವಿಷಯದಲ್ಲಿ ಹೇಳಿದ್ದನ್ನು ಮಾಡಿದ್ದಾರೆ. ದಕ್ಷಿಣ ಗಡಿಯಲ್ಲಿ ಕದ್ದು ದಾಟುವಾಗ ಸಿಕ್ಕಿಬೀಳುವವರ ಸಂಖ್ಯೆ ಐವತ್ತು ವರ್ಷಗಳಲ್ಲೇ ಕಡಿಮೆಗೆ ಇಳಿದಿದೆ. ನಮ್ಮಪ್ಪ ಅತ್ತೆ ಹಾಕಿದ ಅರ್ಜಿ ಹಿಡಿದು ಹನ್ನೆರಡು ವರ್ಷ ಸರದಿಯಲ್ಲಿ ಕಾದು ಬಂದವರು. ಬೇಲಿ ಹಾರಿದವರನ್ನು ಕಂಡರೆ ಸರದಿಯಲ್ಲಿ ನಿಂತವರಿಗೆ ಸಿಟ್ಟು ಬರೋದು ನಿನಗೆ ವಿಚಿತ್ರ ಅನ್ನಿಸಬಹುದು, ನನಗೆ ಅನ್ನಿಸಲ್ಲ.

ಆದರೆ ಯುದ್ಧದ ವಿಷಯ ನೋಡು. ಜೂನ್‌ನಲ್ಲಿ ನಮ್ಮ ಬಿ-2 ಬಾಂಬರ್ ವಿಮಾನಗಳು ಇರಾನಿನ ಫೋರ್ಡೊ, ನತಾಂಜ್ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿ ಬಂದವು. ಇರಾನಿಗೆ ಅಣುಬಾಂಬ್ ಸಿಗಬಾರದು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಕಾಂಗ್ರೆಸ್ಸನ್ನು ಕೇಳಲಿಲ್ಲ ಅನ್ನೋದಷ್ಟೇ ನನ್ನ ತಕರಾರು. ಕೆಂಟಕಿಯ ಸಂಸದ ಥಾಮಸ್ ಮ್ಯಾಸಿ, ನಮ್ಮ ಪಕ್ಷದವರೇ, ಅದನ್ನು ಕೇಳಿದ್ದಕ್ಕೆ ಅವರನ್ನು ಸೋಲಿಸಿ ಅಂತ ಅಧ್ಯಕ್ಷರೇ ಹೇಳಿದರು. ಸೆಪ್ಟೆಂಬರ್‌ನಿಂದ ಕೆರಿಬಿಯನ್ ಸಮುದ್ರದಲ್ಲಿ ಮಾದಕ ವಸ್ತು ಸಾಗಿಸುವ ದೋಣಿ ಅಂತ ಹೇಳಿ ಉಡಾಯಿಸ್ತಿದ್ದಾರೆ. 1973ರ ಕಾನೂನಿನ ಪ್ರಕಾರ ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದ ಕದನ ಅರವತ್ತು ದಿನದಲ್ಲಿ ನಿಲ್ಲಬೇಕು. ಅರವತ್ತು ದಿನ ತುಂಬುವಾಗ ಸರ್ಕಾರದ ವಕೀಲರು ಏನು ಹೇಳಿದರು? ನಮ್ಮ ಸೈನಿಕರಿಗೆ ಅಪಾಯವೇ ಇಲ್ಲದ ಮೇಲೆ ಇದು ಆ ಕಾನೂನಿನ ಲೆಕ್ಕದ ಕದನವೇ ಅಲ್ಲ ಅಂತ. ಇದೇ ವಾದವನ್ನು 2011ರಲ್ಲಿ ಲಿಬಿಯಾ ವಿಷಯದಲ್ಲಿ ಒಬಾಮ ಸರ್ಕಾರ ಮಾಡಿದಾಗ ನಮ್ಮ ಪಕ್ಷದವರು ಎಷ್ಟು ಕೂಗಾಡಿದ್ದರು! ಈ ನವೆಂಬರ್ 6ರಂದು ಸೆನೆಟ್‌ನಲ್ಲಿ ವೆನೆಜುವೆಲಾ ಮೇಲೆ ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದೆ ಯುದ್ಧ ಮಾಡಬಾರದು ಅನ್ನೋ ನಿರ್ಣಯ ಓಟಿಗೆ ಬಂದು 49–51ರಲ್ಲಿ ಬಿತ್ತು. ನಮ್ಮ ಕಡೆಯಿಂದ ಆಚೆ ಹೋದವರು ರ‍್ಯಾಂಡ್ ಪಾಲ್, ಲೀಸಾ ಮರ್ಕೌಸ್ಕಿ, ಇಬ್ಬರೇ. ಟಿವಿಯಲ್ಲಿ ಸಂವಿಧಾನದ ಪಾಕೆಟ್ ಪುಸ್ತಕ ತೋರಿಸಿ ಮಾತಾಡುವವರೆಲ್ಲ ಅವತ್ತು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಡೆಮಾಕ್ರಾಟರ ಕಡೆ ಹೋಗು ಅಂತೀಯ. ಕಾಬೂಲ್ ಮರೆತಿಲ್ಲ ನಾನು. 2021ರ ಜುಲೈ ಮೊದಲಲ್ಲಿ ಬಗ್ರಾಮ್ ಅನ್ನು ರಾತ್ರೋರಾತ್ರಿ ಖಾಲಿ ಮಾಡಿದರು. ಆಗಸ್ಟ್ 26ಕ್ಕೆ ವಿಮಾನ ನಿಲ್ದಾಣದ ಆಬಿ ಗೇಟ್ ಹತ್ತಿರ ಬಾಂಬು ಸಿಡಿದು ನಮ್ಮ 13 ಜನ ಸತ್ತರು, ಅಫ್ಘನ್ನರು ನೂರಕ್ಕೂ ಹೆಚ್ಚು. ಅದು ಬೈಡನ್ ಕಾಲದ್ದು. ಆದರೆ ಹೊರಡುವ ಒಪ್ಪಂದಕ್ಕೆ ದೋಹಾದಲ್ಲಿ ಸಹಿ ಹಾಕಿದ್ದು 2020ರ ಫೆಬ್ರವರಿ 29ರಂದು, ಟ್ರಂಪ್ ಕಾಲದಲ್ಲಿ, ತಾಲಿಬಾನ್ ಜೊತೆ, ಕಾಬೂಲ್ ಸರ್ಕಾರವನ್ನು ಹೊರಗಿಟ್ಟು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರಾಜಕಾರಣಿಯನ್ನು ಇನ್ನೂ ಹುಡುಕುತ್ತಿದ್ದೇನೆ.

ನನಗೆ ನಿದ್ದೆ ಕೆಡಿಸೋದು ಇನ್ನೊಂದು. ಬಗ್ರಾಮ್‌ನಲ್ಲಿ ನಾನು ಲಾರಿ ರಿಪೇರಿಯವನು, ಬಂದೂಕಿಗಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು. ಹೊರಗಿನಿಂದ ಬರುವ ಲಾರಿ ಡ್ರೈವರ್‌ಗಳ ಜೊತೆ ಮಾತಾಡೋಕೆ ಒಬ್ಬ ದುಭಾಷಿ ಇದ್ದ, ನಮ್ಮ ವಯಸ್ಸಿನವನೇ. ಯಾವ ಡ್ರೈವರ್ ಇವತ್ತು ಯಾಕೋ ಸರಿಯಿಲ್ಲ ಅಂತ ಅವನು ಮುಖ ನೋಡಿ ಹೇಳುತ್ತಿದ್ದ, ನಮ್ಮ ಯಂತ್ರಗಳು ಹೇಳುತ್ತಿರಲಿಲ್ಲ. ನಮ್ಮ ಜೊತೆ ಕೆಲಸ ಮಾಡಿದವರಿಗೆ ವಿಶೇಷ ವೀಸಾ ಕೊಡ್ತೀವಿ ಅಂತ ಕಾಂಗ್ರೆಸ್ಸೇ ಮಾತು ಕೊಟ್ಟಿತ್ತು. ಸಾರ್ಜೆಂಟ್ ಶಿಫಾರಸು ಪತ್ರ ಬರೆದುಕೊಟ್ಟರು, ಅವನು ಬಂದ, ಈಗ ಹ್ಯೂಸ್ಟನ್ನಿನಲ್ಲಿ ಲಾರಿ ಓಡಿಸ್ತಾನೆ. ಅವನ ಭಾವಮೈದುನನೂ ಅದೇ ಕೆಲಸ ಮಾಡಿದವನು. ಅವನ ಫೈಲು ಎಲ್ಲೋ ಕೂತಿದೆ.

2021ರಲ್ಲಿ ಅವಸರದಲ್ಲಿ ಕರೆತಂದ ಸುಮಾರು 76,000 ಅಫ್ಘನ್ನರಿಗೆ ಮತ್ತೆ ತಪಾಸಣೆ ಮಾಡಿ ಕಾಯಂ ನೆಲೆ ಕೊಡುವ ಮಸೂದೆ 2022ರಲ್ಲೇ ಬಂತು. ತಂದವರಲ್ಲಿ ನಮ್ಮ ಪಕ್ಷದ ಸೆನೆಟರ್ ಲಿಂಡ್ಸೆ ಗ್ರಹಾಂ ಕೂಡ ಒಬ್ಬರು. ಮಾಜಿ ಸೈನಿಕರ ದೊಡ್ಡ ಸಂಘಗಳೇ ಬೆಂಬಲ ಕೊಟ್ಟವು. ಮಸೂದೆ ಮಾತ್ರ ಪಾಸಾಗಲಿಲ್ಲ. ಕಳೆದ ತಿಂಗಳು 26ಕ್ಕೆ ವಾಷಿಂಗ್ಟನ್ನಿನಲ್ಲಿ ವೆಸ್ಟ್ ವರ್ಜೀನಿಯಾದ ಇಬ್ಬರು ನ್ಯಾಷನಲ್ ಗಾರ್ಡ್ ಸೈನಿಕರ ಮೇಲೆ ಗುಂಡು ಹಾರಿತು, ಇಪ್ಪತ್ತು ವರ್ಷದ ಹುಡುಗಿ ಸತ್ತುಹೋದಳು. ಆರೋಪಿ ಅಫ್ಘನ್, ಅಲ್ಲಿ ಸಿಐಎ ಜೊತೆ ಕೆಲಸ ಮಾಡಿದ ತುಕಡಿಯವನು. ಆ ಹುಡುಗಿಯ ಫೋಟೋ ನೋಡಿ ಹೊಟ್ಟೆ ಉರಿಯಿತು. ತಪ್ಪಿತಸ್ಥ ಅಂತ ಸಾಬೀತಾದರೆ ಅವನಿಗೆ ಕಾನೂನಿನಲ್ಲಿರುವ ಅತಿ ಕಠಿಣ ಶಿಕ್ಷೆಯೇ ಆಗಲಿ. ಆದರೆ ಮಾರನೇ ದಿನಗಳಲ್ಲಿ ಅಫ್ಘನ್ನರ ಅರ್ಜಿಗಳನ್ನೆಲ್ಲ ಸಾರಾಸಗಟಾಗಿ ನಿಲ್ಲಿಸಿದರು, ಹ್ಯೂಸ್ಟನ್ನಿನವನ ಭಾವಮೈದುನನದ್ದೂ ಸೇರಿ. ಹ್ಯೂಸ್ಟನ್ನಿನವನು ನನಗೆ ಫೋನ್ ಮಾಡಿ, ಸತ್ತ ಹುಡುಗಿಗಾಗಿ ಮೊದಲು ದುಃಖ ಹೇಳಿ, ಆಮೇಲೆ ನಾಚಿಕೊಂಡು ಭಾವಮೈದುನನ ವಿಷಯ ಕೇಳಿದ. ಏನು ಹೇಳಲಿ? ಕೊಟ್ಟ ಮಾತು ಉಳಿಸಿಕೊಳ್ಳೋದು ಕನ್ಸರ್ವೇಟಿವ್ ಅಲ್ಲ ಅಂದರೆ ಇನ್ಯಾವುದು ಕಣೋ?

ಇಲ್ಲಿನ ನಮ್ಮ ಕನ್ನಡ ಸಂಘದವರ ಗೋಳೂ ಬೇರೆಯೇನಲ್ಲ. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಅನ್ನೋ ನಿಯಮ 1990ರ ಕಾನೂನಿನದು. ಬೆಂಗಳೂರಿನಿಂದ ಬಂದ ಎಂಜಿನಿಯರುಗಳು ಅದರಲ್ಲಿ ಸಿಕ್ಕಿ ಕೂದಲು ನೆರೆಸಿಕೊಂಡಿದ್ದಾರೆ. ತಿದ್ದಬೇಕಾದದ್ದು ಕಾಂಗ್ರೆಸ್ಸು. ಅದು ಕೂತಿದೆ. ಅಷ್ಟರಲ್ಲಿ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಒಂದು ಘೋಷಣೆ ಬಂದು ಎಚ್-1ಬಿ ಅನ್ನೋ ಕೆಲಸದ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಆಯಿತು. ವೀಸಾ ಬಿಗಿ ಮಾಡಬೇಕು ಅನ್ನೋ ವಾದಕ್ಕೆ ನಾನು ಕಿವುಡನಲ್ಲ. ಮಾಡಲಿ, ಆದರೆ ಓಟು ಹಾಕಿ ಮಾಡಲಿ. ಇವತ್ತು ಒಂದು ಪೆನ್ನು ಬರೆದದ್ದನ್ನು ನಾಳೆ ಬರುವ ಡೆಮಾಕ್ರಾಟ್ ಅಧ್ಯಕ್ಷರ ಪೆನ್ನು ಅಳಿಸುತ್ತೆ, ಅದರ ಜೊತೆಗೆ ನಮಗೆ ಬೇಕಾದ ಇನ್ನೇನನ್ನೋ ಅಳಿಸುತ್ತೆ.

ಈ ದೇಶದ ಸಾಲದ ಕಥೆ ಉದ್ದ ಎಳೆಯಲ್ಲ. 38 ಟ್ರಿಲಿಯನ್ ಡಾಲರ್ ದಾಟಿದೆ, ಬಡ್ಡಿಗೆ ಹೋಗುವ ಹಣ 2024ರಲ್ಲೇ ರಕ್ಷಣಾ ಖರ್ಚನ್ನು ಮೀರಿದೆ. ಖರ್ಚು ಕಡಿಮೆ ಮಾಡ್ತೀವಿ ಅನ್ನುವ ನಮ್ಮ ಪಕ್ಷದ್ದೇ ಜುಲೈನ ದೊಡ್ಡ ಮಸೂದೆ ಅದಕ್ಕೆ ಇನ್ನಷ್ಟು ಸೇರಿಸಿತು. ನನ್ನ ಹಳೇ ಕ್ಯಾಂಪಿನ ಹೆಸರಿನ ಕಥೆ ಕೇಳು, ನಗು ಬರುತ್ತೆ. ನಾನಿದ್ದಾಗ ಫೋರ್ಟ್ ಹುಡ್. 2023ರಲ್ಲಿ ಫೋರ್ಟ್ ಕವಾಜೋಸ್ ಮಾಡಿದರು. ಈ ವರ್ಷ ಮತ್ತೆ ಫೋರ್ಟ್ ಹುಡ್. ಆದರೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೊರಟ ದಕ್ಷಿಣದವರ ಸೇನಾಧಿಕಾರಿ ಆ ಹುಡ್ ಅಲ್ಲ, ಅದೇ ಹೆಸರಿನ ಬೇರೊಬ್ಬ ಅಧಿಕಾರಿ. ಎರಡೂ ಕಡೆಯವರು ಗೆದ್ದರು, ಬೋರ್ಡು ಬರೆಯುವವನಂತೂ ಎರಡು ಸಲ ಗೆದ್ದ.

ಒಂದು ಒಳ್ಳೆ ಸುದ್ದಿಯೂ ಇದೆ. ಈ ಡಿಸೆಂಬರ್‌ನ ರಕ್ಷಣಾ ಕಾನೂನಿನಲ್ಲಿ ಇರಾಕ್ ಬಗ್ಗೆ ಇದ್ದ 1991ರ, 2002ರ ಎರಡು ಯುದ್ಧಾನುಮತಿಗಳನ್ನು ಕೊನೆಗೂ ರದ್ದು ಮಾಡಿದರು. ಸದ್ದಾಂನನ್ನು ನೇಣಿಗೆ ಹಾಕಿ ಹತ್ತೊಂಬತ್ತು ವರ್ಷ ಆಯಿತು, ಇರಲಿ. 2001ರದ್ದು ಇನ್ನೂ ಜೀವಂತ.

ಮಾರ್ಚ್ 3ಕ್ಕೆ ಇಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಸೆನೆಟ್ ಸೀಟಿಗೆ ನಮ್ಮ ಪಕ್ಷದಲ್ಲೇ ಕಾರ್ನಿನ್, ಪ್ಯಾಕ್ಸ್‌ಟನ್, ಹಂಟ್ ಹೊಡೆದಾಡುತ್ತಿದ್ದಾರೆ. ಹಂಟ್ ಸೇನೆಯಲ್ಲಿ ಅಪಾಚೆ ಹೆಲಿಕಾಪ್ಟರ್ ಓಡಿಸಿದವರು. ಸಮವಸ್ತ್ರ ಹಾಕಿದವರು ಅನ್ನೋ ಕಾರಣಕ್ಕೇ ಓಟು ಹಾಕಲ್ಲ ನಾನು. ಮೂವರ ಕಚೇರಿಗೂ ಒಂದೇ ಪತ್ರ ಬರೆದಿದ್ದೇನೆ: 2001ರ ನಿರ್ಣಯವನ್ನು ರದ್ದು ಮಾಡೋಕೆ, ಅಫ್ಘನ್ ಮಸೂದೆಯನ್ನು ಓಟಿಗೆ ತರೋಕೆ ಒಪ್ತೀರಾ, ಹೌದು ಅಥವಾ ಇಲ್ಲ. ಇದುವರೆಗೆ ಬಂದಿರೋದು ದೇಣಿಗೆ ಕೇಳುವ ಮೆಸೇಜುಗಳು ಮಾತ್ರ. ಉತ್ತರ ಬಂದರೆ ಹಾಗೇ ಫೋಟೋ ತೆಗೆದು ಕಳಿಸ್ತೀನಿ, ಆಗ ಬೈಯೋದಾದರೆ ಬೈ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ