ಎಂಬಿಎ ಜಾಹೀರಾತಿಗೆ ವಿವಿಯ ಹೆಸರು ಬೇಡವೇ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ಎರಡು ಸಾಲು ಕಣ್ಣಿಗೆ ಬಿತ್ತು. ‘ಕೆಲಸದಲ್ಲಿರುವವರಿಗೆ ಒಂದೇ ವರ್ಷದಲ್ಲಿ ಎಂಬಿಎ. ಕ್ಲಾಸಿಗೆ ಬರಬೇಕಿಲ್ಲ.’ ಕೆಳಗೊಂದು ಮೊಬೈಲ್ ನಂಬರ್. ಯಾವ ವಿಶ್ವವಿದ್ಯಾಲಯ ಅಂತ ಇರಲಿಲ್ಲ. ಇಂಥದ್ದೇ ಒಂದು ನಂಬರಿಗೆ ಮೂರು ವರ್ಷದ ಹಿಂದೆ ನಾನೂ ಫೋನ್ ಮಾಡಿದ್ದೆ. ಅದಕ್ಕೇ ಈ ಪತ್ರ.

ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ಓದಿದ್ದು ಬಿಕಾಂ. ಮುಂದಿನ ಪ್ರಮೋಷನ್‌ಗೆ ಎಂಬಿಎ ಇದ್ದರೆ ಒಳ್ಳೆಯದು ಎಂದರು ಎಚ್‌ಆರ್‌ನವರು. ಕೆಲಸ ಬಿಟ್ಟು ಓದಲು ಕೂತರೆ ಮನೆ ನಡೆಯಬೇಕಲ್ಲ? ನೈಟ್ ಶಿಫ್ಟ್ ಮುಗಿಸಿ, ನಿದ್ದೆಗಣ್ಣಲ್ಲೇ ಕೋಲಾರದ ಬಸ್ ನಿಲ್ದಾಣದ ಹತ್ತಿರ ಮಹಡಿ ಮೇಲಿದ್ದ ಆ ಸೆಂಟರ್‌ಗೆ ಹೋದೆ. ‘ಪರೀಕ್ಷೆ ಚಿಂತೆ ಬಿಡಿ ಸರ್, ನಾವು ನೋಡ್ಕೋತೀವಿ’ ಎಂದರು. ಆ ಮಾತಿಗೇ ಎದ್ದು ಬರಬೇಕಿತ್ತು. ಬರಲಿಲ್ಲ. ಎಂಟು ಸಾವಿರ ಅಡ್ವಾನ್ಸ್ ಕೊಟ್ಟೆ. ಸಿಕ್ಕಿದ್ದು ಒಂದು ಬಿಳಿ ಚೀಟಿ, ಅದರ ಮೇಲೆ ಸೀಲೂ ಇಲ್ಲ.

ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಭಾವ ಚೀಟಿ ನೋಡಿ ಕೇಳಿದ್ದು ಒಂದೇ ಮಾತು: ‘ಈ ವರ್ಷದ ಯುಜಿಸಿ ಪಟ್ಟೀಲಿ ಇದೆಯೇನಯ್ಯಾ ಇದು?’ ಯುಜಿಸಿ ಅಂದರೆ ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ. ದೂರಶಿಕ್ಷಣ ನಡೆಸಲು ಅದು ಒಪ್ಪಿಗೆ ಕೊಟ್ಟವರ ಪಟ್ಟಿ ಅದರ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟಿನಲ್ಲಿ ಇರುತ್ತದೆ. ವಿವಿಯ ಹೆಸರಿದ್ದರೆ ಸಾಲದು. ನಾವು ಸೇರುವ ಕೋರ್ಸು, ಸೇರುವ ವರ್ಷ ಎರಡೂ ಅಲ್ಲಿರಬೇಕು. ನಾನು ದುಡ್ಡು ಕಟ್ಟಿದ್ದು ಪಟ್ಟಿಯಲ್ಲಿ ಇರಲೇ ಇಲ್ಲ. ಮೂರು ಸಾವಿರ ವಾಪಸ್ ಬಂತು, ಉಳಿದದ್ದು ‘ಪ್ರೊಸೆಸಿಂಗ್’ ಅಂತೆ.

ನಮ್ಮ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2012-13ರ ನಂತರ ಮಾನ್ಯತೆ ತಪ್ಪಿ, ಮತ್ತೆ ಸಿಕ್ಕಿದ್ದು 2018-19ರಲ್ಲಿ. ನಡುವೆ ಸೇರಿದವರ ಪಾಡನ್ನು ಪತ್ರಿಕೆಗಳಲ್ಲೇ ಓದಿದ್ದೇವೆ. ಸರ್ಕಾರಿ ವಿವಿಯ ಕಥೆಯೇ ಹೀಗಿದ್ದ ಮೇಲೆ ಮಹಡಿ ಮೇಲಿನ ಸೆಂಟರ್‌ನ ಮಾತೇನು?

ಹಾಗಂತ ದೂರಶಿಕ್ಷಣವೇ ದಂಡ ಅಂತಲ್ಲ. ಮಾನ್ಯತೆ ಇರುವ ಕಡೆ ಓದಿದರೆ, ಆ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನೀಗ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಎಂಬಿಎ ಎರಡನೇ ವರ್ಷ. ಕಡಿಮೆ ಅಂದರೆ ಎರಡು ವರ್ಷ ಬೇಕು, ಜಾಸ್ತಿ ಅಂದರೆ ನಾಲ್ಕು ವರ್ಷ ತೆಗೆದುಕೊಳ್ಳಬಹುದು. ಆ ನಾಲ್ಕು ನಮ್ಮಂಥವರಿಗೇ ಇಟ್ಟಿದ್ದು! ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಶಿಫ್ಟ್ ಬದಲಿಸಲು ಯಾರೂ ಸಿಗದೆ ಒಂದು ಪೇಪರ್ ಬಿಟ್ಟೆ. ಕಂಪನಿ ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ ಅಂದುಕೊಂಡಿದ್ದೆ, ಹತ್ತಿದ ಐದೇ ನಿಮಿಷಕ್ಕೆ ಗೊರಕೆ. ಅಸೈನ್‌ಮೆಂಟ್‌ಗಳನ್ನು ಮಕ್ಕಳು ಹೋಂವರ್ಕ್ ಮಾಡುವಾಗ ಅವರ ಪಕ್ಕದಲ್ಲೇ ಕೂತು ಬರೆಯುತ್ತೇನೆ. ನನ್ನ ಅಕ್ಷರ ನೋಡಿ ಅವರಿಗೆ ನಗು. ‘ಕ್ಲಾಸಿಗೆ ಬರಬೇಕಿಲ್ಲ’ ಅನ್ನುವವರು ಇದನ್ನೆಲ್ಲ ಹೇಳುವುದಿಲ್ಲ, ಅಲ್ವಾ?

ನಿಮ್ಮಲ್ಲಿ ಕೇಳುವುದು ಇಷ್ಟೇ. ಇಂಥ ಜಾಹೀರಾತು ತೆಗೆದುಕೊಳ್ಳುವಾಗ ವಿವಿಯ ಹೆಸರು ಮತ್ತು ಆ ವರ್ಷದ ಯುಜಿಸಿ ಒಪ್ಪಿಗೆ ಕೇಳಿ. ಎರಡನ್ನೂ ಜಾಹೀರಾತಿನಲ್ಲೇ ಹಾಕಿಸಿ. ಕೊಡದವರಿಗೆ ಬೇಡ ಅಂದರೆ ನಿಮ್ಮ ಭಾನುವಾರದ ಪುಟದಲ್ಲಿ ನಾಲ್ಕು ಸಾಲು ಖಾಲಿ ಉಳಿಯಬಹುದು, ಅಷ್ಟೇ.

– ಒಬ್ಬ ಲೈನ್ ಸೂಪರ್‌ವೈಸರ್, ಕೋಲಾರ