ಡಾಬ್ಸನ್ ಅಂದರೆ ಕಂಪನಿ ಅಲ್ಲ

ಮಾನ್ಯ ಸಂಪಾದಕರೇ,

ನಾನು ಬಡಗಿ. ಬಾಗಿಲು, ಕಿಟಕಿ, ಕಪಾಟು ಮಾಡುತ್ತಲೇ ನಲವತ್ತು ವರ್ಷ ಕಳೆದಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮೊನ್ನೆ ಒಬ್ಬ ಕಾಲೇಜು ಹುಡುಗ ನಮ್ಮ ಮನೆಯಲ್ಲಿರುವ ಟೆಲಿಸ್ಕೋಪ್ ನೋಡಿ, "ಓ, ಡಾಬ್ಸೋನಿಯನ್! ಆ ಕಂಪನಿದು ಚೆನ್ನಾಗಿರುತ್ತೆ ಅಲ್ವಾ?" ಎಂದ. ನನಗೆ ಮಾತೇ ಹೊರಡಲಿಲ್ಲ. ಅವನ ತಪ್ಪೇನಿಲ್ಲ ಬಿಡಿ. ಹೆಸರು ಹಾಗೇ ಬಳಕೆಗೆ ಬಂದುಬಿಟ್ಟಿದೆ. ಆದರೆ ಆ ಹೆಸರಿನ ಮನುಷ್ಯ ಒಬ್ಬರಿದ್ದರು. ಅವರ ಬಗ್ಗೆ ನಾಲ್ಕು ಮಾತು ನಿಮ್ಮ ಪತ್ರಿಕೆಯಲ್ಲಿ ಬರಲಿ ಎಂದು ಈ ಪತ್ರ.

ಜಾನ್ ಡಾಬ್ಸನ್ ಹುಟ್ಟಿದ್ದು 1915ರ ಸೆಪ್ಟೆಂಬರ್ 14ರಂದು, ಚೀನಾದ ಬೀಜಿಂಗ್‌ನಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿದ ಡಾಬ್ಸನ್, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠ ಸೇರಿದರು. ರಾಮಕೃಷ್ಣ ಪರಂಪರೆಯ ಮಠ ಅದು. ಅಲ್ಲಿ 23 ವರ್ಷ ಸನ್ಯಾಸಿಯಾಗಿದ್ದರು. ಈ ವಿಶ್ವ ಹೇಗಿದೆ, ಹೇಗೆ ನಡೆಯುತ್ತಿದೆ ಎಂಬುದನ್ನು ಕಣ್ಣಾರೆ ನೋಡುವ ಆಸೆ ಅವರಿಗೆ. ಸನ್ಯಾಸಿಯ ಕೈಯಲ್ಲಿ ದುಡ್ಡೆಲ್ಲಿ ಬರಬೇಕು? 1956ರಲ್ಲಿ ಹಡಗಿನ ಕಿಟಕಿಯ ದುಂಡು ಗಾಜು ಸಿಕ್ಕಿತು. 12 ಇಂಚು ಅಗಲ. ಅದನ್ನೇ ಉಜ್ಜಿ ಟೆಲಿಸ್ಕೋಪಿಗೆ ಕನ್ನಡಿ ಮಾಡಿದರು. ಅದರಲ್ಲಿ ಕೃಷ್ಣಪಕ್ಷದ ಅಷ್ಟಮಿಯ ಚಂದ್ರನನ್ನು ನೋಡಿದಾಗ, ತಾವೇ ಚಂದ್ರನ ಮೇಲೆ ಇಳಿಯುತ್ತಿದ್ದೇವೇನೋ ಎನ್ನುವ ಹಾಗಿತ್ತಂತೆ. ಇದನ್ನು ಎಲ್ಲರೂ ನೋಡಬೇಕು ಎಂದು ಅವತ್ತೇ ಅವರ ಮನಸ್ಸಿಗೆ ಬಂತು.

ಮಠದಲ್ಲಿ ಗಾಜು ಉಜ್ಜಿದರೆ ಸದ್ದು. ಅದಕ್ಕೆ ನೀರಿನೊಳಗೆ ಮುಳುಗಿಸಿ ಉಜ್ಜುತ್ತಿದ್ದರು. ಟೆಲಿಸ್ಕೋಪಿಗೆ ಚಕ್ರ ಕಟ್ಟಿ ಅಕ್ಕಪಕ್ಕದ ಬೀದಿಗೆ ತಳ್ಳಿಕೊಂಡು ಹೋಗಿ ಮಕ್ಕಳಿಗೆ ತೋರಿಸುತ್ತಿದ್ದರು. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷವೇ ಎಳೆಯ ಹುಡುಗರ ಜೊತೆ ಸೇರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಸೈಡ್‌ವಾಕ್ ಅಸ್ಟ್ರಾನಮರ್ಸ್' ಎಂಬ ಕೂಟ ಕಟ್ಟಿದರು. ಅಂದರೆ ಫುಟ್‌ಪಾತಿನಲ್ಲಿ ನಿಂತು ಆಕಾಶ ತೋರಿಸುವವರು.

ಈಗ ನನ್ನ ಕಸುಬಿನ ಕಣ್ಣಿಂದ ಒಂದಿಷ್ಟು ಹೇಳಬೇಕು. ನನಗೆ ಅವರ ಪರಿಚಯವಾದದ್ದು ಒಂದು ಪೆಟ್ಟಿಗೆಯಿಂದ. ಒಬ್ಬ ವಿಜ್ಞಾನದ ಮೇಷ್ಟ್ರು ಕಾಗದದ ಮೇಲೆ ಚಿತ್ರ ಬರೆದು ತಂದಿದ್ದರು. ಪ್ಲೈವುಡ್ಡಿನ ಪೆಟ್ಟಿಗೆ, ಎರಡು ಪಕ್ಕದಲ್ಲೂ ಅರ್ಧ ಚಂದ್ರಾಕಾರದ ಕಚ್ಚು, ಕೆಳಗೆ ತಿರುಗುವ ಹಲಗೆ. "ಇಷ್ಟೇನಾ?" ಎಂದೆ. ಇಷ್ಟೇ ಎಂದರು. ಅದಕ್ಕೂ ಮುಂಚೆ ದೊಡ್ಡ ಟೆಲಿಸ್ಕೋಪ್ ಎಂದರೆ ಕಬ್ಬಿಣದ ಕಂಬ, ಓರೆ ಅಚ್ಚು, ತೂಕಕ್ಕೆ ಸರಿಯಾಗಿ ಇನ್ನೊಂದು ಪಕ್ಕ ಕಬ್ಬಿಣದ ಗುಂಡು, ತಿರುಗಿಸಲು ಮೋಟರು. ಡಾಬ್ಸನ್ ಅದನ್ನೆಲ್ಲ ಬಿಟ್ಟರು. ಹಳೇ ಕಾಲದ ಫಿರಂಗಿ ಗಾಡಿಯ ಹಾಗೆ ಎರಡೇ ಚಲನೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ. ಕೊಳವೆಗೆ ಕಾಂಕ್ರೀಟ್ ಕಂಬ ಎರೆಯಲು ಅಚ್ಚಾಗಿ ಇಡುವ ದಪ್ಪ ರಟ್ಟಿನ ಪೈಪು.

ಈ ಪೆಟ್ಟಿಗೆಯನ್ನು ಬಡವರ ಟೆಲಿಸ್ಕೋಪ್ ಎನ್ನುವವರಿದ್ದಾರೆ. ನನಗೆ ಬೇಜಾರಾಗುವುದು ಅಲ್ಲೇ. ಮಳೆಗಾಲದಲ್ಲಿ ಉಬ್ಬಿದ ಡ್ರಾಯರ್ ಎಳೆದು ನೋಡಿ. ಮೊದಲು ಜಪ್ಪಯ್ಯ ಅಂದರೂ ಬರುವುದಿಲ್ಲ, ಆಮೇಲೆ ದಡಕ್ಕನೆ ಬಂದುಬಿಡುತ್ತದೆ. ನೂರು ಪಟ್ಟು ದೊಡ್ಡದಾಗಿ ತೋರಿಸುವಾಗ ಅಂಥ ಒಂದು ಜಗ್ಗು ಸಾಕು, ಶನಿ ಗ್ರಹ ಎಲ್ಲೋ ಹೋಗಿರುತ್ತದೆ. ಡಾಬ್ಸನ್ ಪೆಟ್ಟಿಗೆ ತಿರುಗುವ ಜಾಗದಲ್ಲಿ ಹಾಡಿನ ಹಳೇ ಗ್ರಾಮಫೋನ್ ತಟ್ಟೆ ಇಟ್ಟು, ಅದರ ಮೇಲೆ ಟೆಫ್ಲಾನ್ ತುಂಡು ಕೂರಿಸಿದರು. ಅಂಟದ ತವಾಕ್ಕೆ ಬಳಿಯುತ್ತಾರಲ್ಲ, ಅದೇ ಟೆಫ್ಲಾನ್. ಈಗ ತಟ್ಟೆಯ ಬದಲು ನಾವು ಸನ್ಮೈಕಾ ಹಾಕುತ್ತೇವೆ. ಅಲುಗಿಸಲು ಎಷ್ಟು ಒತ್ತಡ ಬೇಕೋ, ಅಲುಗುತ್ತಿರಲು ಕೂಡ ಹೆಚ್ಚೂ ಕಡಿಮೆ ಅಷ್ಟೇ ಸಾಕು. ಬೆರಳಿನಿಂದ ತಳ್ಳಿದರೆ ಹೋಗುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಭೂಮಿ ತಿರುಗುವುದರಿಂದ ಗ್ರಹ ಮೆಲ್ಲಗೆ ಜಾರುತ್ತದೆ, ಆಗಾಗ ಬೆರಳಲ್ಲಿ ಒಂದಿಷ್ಟು ಸರಿಸಿದರಾಯಿತು.

ಇನ್ನೊಂದು ಜಾಣತನ ನನಗೆ ಬಹಳ ತಡವಾಗಿ ಹೊಳೆಯಿತು. ಹಡಗಿನ ಕಿಟಕಿಯ ಗಾಜು ಅಗಲಕ್ಕೆ ತಕ್ಕಷ್ಟು ದಪ್ಪ ಇರುವುದಿಲ್ಲ. ತೆಳು ಗಾಜು ತನ್ನ ಭಾರಕ್ಕೇ ಬಾಗುತ್ತದೆ, ಬಾಗಿದರೆ ಚಿತ್ರ ಕೆಡುತ್ತದೆ. ಓರೆ ಅಚ್ಚಿನ ಸ್ಟ್ಯಾಂಡಿನಲ್ಲಿ ಕೊಳವೆ ಹೊರಳಿದಂತೆ ಕನ್ನಡಿಯ ಬೇರೆ ಬೇರೆ ಅಂಚು ಕೆಳಗೆ ಬರುತ್ತದೆ. ಈ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದೇ ಅಂಚು ಕೆಳಗೆ. ಹಾಗಾಗಿ ಆ ಅಂಚಿಗೆ ಸೀಟ್ ಬೆಲ್ಟಿನಂಥ ಪಟ್ಟಿ ಕಟ್ಟಿ ತೊಟ್ಟಿಲಿನ ಹಾಗೆ ಹೊರಿಸಿದರೆ ಸಾಕು. ಸ್ಟ್ಯಾಂಡ್ ಸರಳವಾದದ್ದರಿಂದಲೇ ಅಗ್ಗದ ಗಾಜು ನಡೆಯಿತು, ಅದರಿಂದಲೇ ದೊಡ್ಡ ಕನ್ನಡಿ ಸಾಮಾನ್ಯರ ಕೈಗೆ ಬಂತು. ಒಳ್ಳೆ ಬಡಗಿ ಕೀಲು ಕೂಡಿಸುವ ಹಾಗೆ ಒಂದಕ್ಕೊಂದು ಕೂಡಿದೆ ನೋಡಿ.

ಮೇಷ್ಟ್ರ ಪೆಟ್ಟಿಗೆ ಮುಗಿದ ಮೇಲೆ ನನಗೂ ಹುಚ್ಚು ಹಿಡಿಯಿತು. 8 ಇಂಚಿನ ಎರಡು ಗಾಜು ತಂದೆ. ಒಂದನ್ನು ಡ್ರಮ್ಮಿನ ಮೇಲೆ ಕೂರಿಸಿ, ನೀರು ಮತ್ತು ಗಾಜು ಸವೆಸುವ ಕಾರ್ಬೊರಂಡಮ್ ಪುಡಿ ಹಾಕಿ, ಇನ್ನೊಂದನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಉಜ್ಜುವುದು. ಉಜ್ಜುತ್ತಾ ಡ್ರಮ್ಮಿನ ಸುತ್ತ ನಡೆಯುವುದು. ಮೊದಲು ಕರಕರ ಎನ್ನುವ ಪುಡಿ, ಹರಳು ಒಡೆದಂತೆ ಸರಸರ ಎನ್ನುತ್ತದೆ. ಸದ್ದು ಸತ್ತರೆ ಹೊಸ ಪುಡಿ ಹಾಕಬೇಕು. ವಾರಗಟ್ಟಲೆ ಉಜ್ಜಿದ ಮೇಲೆ ನಡುವೆ ಬಂದ ತಗ್ಗು ಬರೀ 2 ಮಿಲಿಮೀಟರ್. ಕೊನೆಯ ಹದಕ್ಕೆ ತೆಗೆಯಬೇಕಾದ ಗಾಜು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಕೂದಲೆಳೆ ಬಿಡದೆ ಬಾಗಿಲು ಕೂರಿಸುತ್ತೇನೆ ಎಂಬ ಹೆಮ್ಮೆ ನನಗಿತ್ತು. ಇಲ್ಲಿ ಕೂದಲೇ ಗುಡ್ಡ. ಪಾಲಿಶ್ ಮಾಡುವಾಗ 80ನೇ ನಂಬರಿನ ಒಂದೇ ಒಂದು ಒರಟು ಹರಳು ಎಲ್ಲೋ ಉಳಿದಿತ್ತು. ಗಾಜಿನ ಮೇಲೆ ಉದ್ದಕ್ಕೆ ಗೀರು ಎಳೆಯಿತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆ ಗೀರು ಈಗಲೂ ಇದೆ. ಶನಿಯ ಬಳೆಗೂ ದೇಹಕ್ಕೂ ನಡುವಿನ ಕಪ್ಪು ಸಂದು ಅದೇ ಕನ್ನಡಿಯಲ್ಲಿ ಕಾಣುತ್ತದೆ.

ಡಾಬ್ಸನ್ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇವತ್ತು ಯಾರು ಬೇಕಾದರೂ ಮಾಡಿ ಮಾರುತ್ತಾರೆ. ಅವರು ಮಾತ್ರ ದೊಡ್ಡ ದೊಡ್ಡ ಟೆಲಿಸ್ಕೋಪ್ ಹೇರಿಕೊಂಡು ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿ, ಬಂದವರಿಗೆಲ್ಲ ಆಕಾಶ ತೋರಿಸಿದರು. ಊರೂರಿಗೆ ಹೋಗಿ ಕನ್ನಡಿ ಉಜ್ಜುವುದನ್ನು ಕಲಿಸಿದರು. ಟೆಲಿಸ್ಕೋಪ್ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರಲ್ಲಿ ಎಷ್ಟು ಜನ ನೋಡಿದರು ಎಂಬುದೇ ಅವರ ಲೆಕ್ಕ. 2014ರ ಜನವರಿ 15ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. 18024ನೇ ನಂಬರಿನ ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ.

ಸಂಪಾದಕರೇ, ನನ್ನದೊಂದು ಕೋರಿಕೆ. ಈ ವಾರ ಸಂಜೆ ಯಾವ ಗ್ರಹ ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ ಕಾಣುತ್ತದೆ ಎಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಹಾಕಿ. ಎಷ್ಟೋ ಮನೆಗಳಲ್ಲಿ ಟೆಲಿಸ್ಕೋಪ್ ಸುಮ್ನೆ ಬಟ್ಟೆ ಹೊದ್ದು ಕೂತಿದೆ. ಇಟ್ಟುಕೊಂಡವರು ಅಷ್ಟು ಓದಿಕೊಂಡು ಅದನ್ನು ಬೀದಿಗೆ ತರಲಿ. ಚಂದ್ರನಿಗೆ, ಶನಿಗೆ, ಗುರುವಿಗೆ ಬೀದಿ ದೀಪದ ಬೆಳಕು ಅಷ್ಟೇನೂ ಅಡ್ಡಿಯಲ್ಲ. ಪಕ್ಕದಲ್ಲಿ ಒಂದು ಸ್ಟೂಲ್ ಇಡಿ, ಮಕ್ಕಳಿಗೆ ಎಟಕುವುದಿಲ್ಲ.

ಅಂದ ಹಾಗೆ, ಈಗ 10 ಇಂಚಿನ ಇನ್ನೊಂದು ಗಾಜು ಡ್ರಮ್ಮಿನ ಮೇಲಿದೆ. 120ನೇ ನಂಬರಿನ ಪುಡಿ ನಡೆಯುತ್ತಿದೆ. ಉಜ್ಜಲು ಆ ಕಾಲೇಜು ಹುಡುಗ ಭಾನುವಾರ ಬರುತ್ತೇನೆಂದಿದ್ದಾನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಒಬ್ಬ ಬಡಗಿ