ಅಜ್ಜಿ ಡೇರಿಗೆ ಹೋಗಲಿ

ಕಾಶಿವಾ, ಜಪಾನ್
ನವೆಂಬರ್, ಭಾನುವಾರ ಸಂಜೆ

ಅಮ್ಮನಿಗೆ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪ, ತಮ್ಮ, ಅಜ್ಜಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನು ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ಅಜ್ಜಿಗೆ ಅರ್ಧ ಕೇಳಿಸುವುದಿಲ್ಲ, ಅವಸರಕ್ಕೆ ನನ್ನ ಬಾಯಲ್ಲೂ ಏನೇನೋ ಬರುತ್ತದೆ. ಹಾಗೆ ಹೋದ ತಿಂಗಳು ಆಡಿದ ಒಂದು ಮಾತನ್ನು ವಾಪಸು ತೆಗೆದುಕೊಳ್ಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ಕೊಟ್ಟಿಗೆ ಮುಂದೆ ಜಾರಿಬಿದ್ದಳು ಎಂದು ತಮ್ಮ ಹೇಳಿದಾಗ ನನ್ನ ಎದೆ ಝಲ್ಲೆಂದಿತ್ತು. "ಇನ್ನು ಅವಳನ್ನ ಡೇರಿಗೆ ಕಳಿಸಬೇಡಿ, ಹಾಲು ನೀನು ಹಾಕಿ ಬಾ, ಅವಳು ಸುಮ್ಮನೆ ಕೂತು ಟಿವಿ ನೋಡಲಿ" ಎಂದುಬಿಟ್ಟೆ. ನೀವೂ ಹಾಗೇ ಮಾಡಿದಿರಿ. ಅದು ತಪ್ಪಾಯಿತಮ್ಮ. ಯಾಕೆ ತಪ್ಪು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ನಾನು ಇಲ್ಲಿಗೆ ಬಂದದ್ದು ವಯಸ್ಸಾದವರ ನಡಿಗೆಯನ್ನು ಅಳೆಯುವ ಸೆನ್ಸರಿನ ಕೆಲಸಕ್ಕೆ ಅಂತ ನಿನಗೆ ಗೊತ್ತು. ಆದರೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಮುಪ್ಪನ್ನು ಒಂದೇ ವಿಭಾಗದವರು ಓದುವುದಿಲ್ಲ. ಅದಕ್ಕೆಂದೇ 2009ರಲ್ಲಿ ಒಂದು ಸಂಸ್ಥೆ ಕಟ್ಟಿದ್ದಾರೆ. ಅಲ್ಲಿಯ ಸಭೆಗೆ ಹೋದರೆ ಒಂದೇ ಮೇಜಿನ ಸುತ್ತ ಡಾಕ್ಟರು, ನರ್ಸು, ಕಟ್ಟಡದ ಎಂಜಿನಿಯರು, ಕಾನೂನು ಓದಿದವರು, ಮನಶ್ಶಾಸ್ತ್ರದವರು ಕೂತಿರುತ್ತಾರೆ. ಈ ದೇಶದಲ್ಲಿ ನೂರಕ್ಕೆ 29 ಜನ 65 ದಾಟಿದವರು. ಯಾರೋ ಒಬ್ಬರು ಕೂತು ಬಿಡಿಸುವ ಲೆಕ್ಕ ಅಲ್ಲ ಇದು.

ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಕಾಶಿವಾ ಪಟ್ಟಣದ ತೊಯೊಶಿಕಿದಾಯ್ ಎಂಬ ಬಡಾವಣೆಯನ್ನು. 1964ರಲ್ಲಿ ಕಟ್ಟಿದ್ದು. ರೈಲಿನಲ್ಲಿ ಟೋಕಿಯೊಗೆ ಕೆಲಸಕ್ಕೆ ಹೋಗಿಬರುವ ಹೊಸ ಸಂಸಾರಗಳು ಆಗ ಒಟ್ಟಿಗೇ ಬಂದು ಸೇರಿದವು, ಒಟ್ಟಿಗೇ ಮುದುಕಾದವು. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಮಂಡಿ ಸೋತವರಿಗೆ ಮೂರನೇ ಮಹಡಿಯೇ ನಂದಿಬೆಟ್ಟ. ವಿಶ್ವವಿದ್ಯಾಲಯ, ನಗರಸಭೆ, ಮನೆ ಕಟ್ಟಿದ ಸರ್ಕಾರಿ ಸಂಸ್ಥೆ ಮೂರೂ ಸೇರಿ ಒಂದು ಗುರಿ ಇಟ್ಟುಕೊಂಡವು: ಎಷ್ಟೇ ವಯಸ್ಸಾದರೂ ಜನ ತಾವು ಬಾಳಿದ ಜಾಗದಲ್ಲೇ ಇರಬೇಕು. ಡಾಕ್ಟರು, ನರ್ಸು ಮನೆಗೇ ಬರುವ ವ್ಯವಸ್ಥೆ ಮಾಡಿದರು. ಅದು ಸುಲಭಕ್ಕೆ ಅರ್ಥವಾಗುವ ಭಾಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ನಿವೃತ್ತರಾದವರಿಗೆ ಹತ್ತಿರದಲ್ಲೇ ಸಂಬಳದ ಕೆಲಸ ಹುಡುಕಿಕೊಟ್ಟರು. ಬೀಳು ಬಿದ್ದ ಹೊಲದಲ್ಲಿ ತರಕಾರಿ ಬೆಳೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಅಡುಗೆಮನೆ ಕೆಲಸ. ಒಬ್ಬರು ಪೂರ್ತಿ ದಿನ ಮಾಡಬೇಕಿಲ್ಲ, ಒಂದೇ ಕೆಲಸವನ್ನು ನಾಲ್ಕೈದು ಜನ ಹಂಚಿಕೊಳ್ಳುತ್ತಾರೆ. ಬಸ್ಸು, ಕಾರು ಬೇಡ, ಇರುವ ಹೊಲ ಪಾಳು ಬೀಳುವುದಿಲ್ಲ, ಕಾಲಿಗೂ ಕೆಲಸ.

ಇಲ್ಲಿ ತಂತ್ರಜ್ಞಾನದ ಪಾತ್ರ ಏನು ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ಅತ್ಸುಶಿ ಹಿಯಾಮಾ ಎಂಬ ಸಂಶೋಧಕರ ತಂಡ ಒಂದು ಜಾಲತಾಣ ಮಾಡಿದೆ. ಯಾರು ಯಾವ ದಿನ ಬಿಡುವಾಗಿದ್ದಾರೆ, ಯಾರಿಗೆ ಏನು ಬರುತ್ತದೆ, ಕೆಲಸ ಮನೆಯಿಂದ ಎಷ್ಟು ದೂರ ಎಂಬುದನ್ನು ಹೊಂದಿಸಿ ಹಲವು ಹಿರಿಯರನ್ನು ಸೇರಿಸಿ ಒಬ್ಬ ಪೂರ್ತಿ ಕೆಲಸಗಾರನನ್ನು ಮಾಡುತ್ತದೆ. ಚೂರು ಚೂರು ಬಟ್ಟೆ ಸೇರಿಸಿ ಅಜ್ಜಿ ಕೌದಿ ಹೊಲಿಯುತ್ತಾಳಲ್ಲ, ಹಾಗೆ. ಕಾಶಿವಾದಲ್ಲಿ ಇದನ್ನು ಮೊದಲು ಬಳಸಿದವರು ಮನೆಮನೆಯ ಗಿಡಮರ ಸವರಿಕೊಡುವ ಹಿರಿಯರ ಗುಂಪು. ನನ್ನ ಸೆನ್ಸರು ಯಾರ ನಡಿಗೆ ನಿಧಾನವಾಗಿದೆ ಎಂದು ಹೇಳಬಲ್ಲದು. ಅವರಿಗೆ ಬೆಳಿಗ್ಗೆ ಎದ್ದು ನಡೆಯುವುದಕ್ಕೆ ಒಂದು ಕಾರಣ ಕೊಡಲಾರದು. ಆ ತಾಣ ಕೊಡುತ್ತದೆ.

ಅದಕ್ಕೆ ಆಧಾರವೂ ಇದೆ. ಹಿರೋಕೊ ಅಕಿಯಾಮಾ ಎಂಬ ವಿದ್ವಾಂಸೆ ಸುಮಾರು 6,000 ಹಿರಿಯರನ್ನು 1987ರಿಂದ ಇಪ್ಪತ್ತು ವರ್ಷ ಬಿಡದೆ ಗಮನಿಸಿದರು. ಗಂಡಸರಲ್ಲಿ ನೂರಕ್ಕೆ ಸುಮಾರು 70 ಮಂದಿ, ಹೆಂಗಸರಲ್ಲಿ ಸುಮಾರು 90 ಮಂದಿ, ಎಪ್ಪತ್ತೈದರ ಆಸುಪಾಸಿನಿಂದ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿಯಲ್ಲಿ ನಿಧಾನವಾಗಿ, ವರ್ಷಗಟ್ಟಲೆ ಇಳಿಯುತ್ತಾರೆ. ಥಟ್ಟನೆ ಕುಸಿಯುವವರು ಕಡಿಮೆ. ಅಂದರೆ ಇಳಿಜಾರು ಉದ್ದ ಇದೆ, ಕೈಹಿಡಿಯಲು ಸಮಯವೂ ಇದೆ. ಕಟ್ಸುಯಾ ಈಜಿಮಾ ಎಂಬ ಡಾಕ್ಟರು 2012ರಿಂದ ಇದೇ ಕಾಶಿವಾದ ಸುಮಾರು 2,000 ಹಿರಿಯರನ್ನು ಪರೀಕ್ಷಿಸುತ್ತ ಬಂದಿದ್ದಾರೆ. ರೋಗವೂ ಅಲ್ಲದ, ಪೂರ್ಣ ಆರೋಗ್ಯವೂ ಅಲ್ಲದ ನಡುವಿನ ನಿತ್ರಾಣಕ್ಕೆ ಇಲ್ಲಿ 'ಫ್ರೇಲ್' ಎನ್ನುತ್ತಾರೆ. ಅಲ್ಲಿಂದ ವಾಪಸು ಬರಬಹುದು, ಅದೇ ದೊಡ್ಡ ವಿಷಯ. ಅದು ಹಲವು ಸಲ ಶುರುವಾಗುವುದು ಕಾಲಿನಿಂದಲ್ಲ, ಜನರ ಜೊತೆಯ ಓಡಾಟ ನಿಂತಲ್ಲಿಂದ ಎನ್ನುತ್ತಾರೆ ಅವರು. ಒಬ್ಬರೇ ವ್ಯಾಯಾಮ ಮಾಡಿಕೊಂಡಿರುವವರಿಗಿಂತ, ವ್ಯಾಯಾಮವೇ ಇಲ್ಲದೆ ಊರ ಕೆಲಸದಲ್ಲಿ, ಹವ್ಯಾಸದ ಗುಂಪಿನಲ್ಲಿ ಇರುವವರೇ ಗಟ್ಟಿಯಾಗಿರುವುದನ್ನು ಅವರ ಅಧ್ಯಯನ ತೋರಿಸಿದೆ.

ಅದನ್ನು ಕೇಳಿದ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಡೇರಿ ಕಟ್ಟೆ. ಬೆಳಗ್ಗೆ ಆರಕ್ಕೆ ಅಜ್ಜಿ ಕ್ಯಾನು ಹಿಡಿದು ಹೊರಡುವುದು, ಸಾಲಿನಲ್ಲಿ ನಿಂತು ಯಾರ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು ಎಂದು ವಿಚಾರಿಸುವುದು, ಫ್ಯಾಟ್ ಎಷ್ಟು ಬಂತು ಎಂದು ಜಗಳ ಆಡುವುದು, ತನ್ನ ಹಾಲಿನ ದುಡ್ಡನ್ನು ತಾನೇ ಎಣಿಸಿಕೊಳ್ಳುವುದು. ಇಲ್ಲಿ ಒಂದು ವಿಶ್ವವಿದ್ಯಾಲಯವೂ ಒಂದು ನಗರಸಭೆಯೂ ಸೇರಿ ಅಷ್ಟು ಕಷ್ಟಪಟ್ಟು ಹುಟ್ಟಿಸುತ್ತಿರುವುದು ಅವಳ ಬಳಿ ಮೊದಲೇ ಇತ್ತು. ಬಿದ್ದಳು ಎಂಬ ಹೆದರಿಕೆಗೆ ನಾನು ಅದನ್ನೇ ಕಿತ್ತುಕೊಂಡೆ.

ಹಾಗಂತ ಬೀಳುವುದು ಸಣ್ಣ ವಿಷಯವಲ್ಲ. ಕೊಟ್ಟಿಗೆ ಮುಂದಿನ ಪಾಚಿ ಕಲ್ಲು ತೆಗೆಸಿ, ಒರಟು ಸಿಮೆಂಟು ಹಾಕಿಸಿ, ದುಡ್ಡು ಕಳಿಸುತ್ತೇನೆ. ಅಲ್ಲೊಂದು ಬಲ್ಬು ಇರಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಕೊಡಿಸಿ. ಕ್ಯಾನು ಅರ್ಧ ತುಂಬಿದ್ದರೆ ಸಾಕು, ಉಳಿದದ್ದು ತಮ್ಮ ಹಿಂದೆ ತರಲಿ.

ಇನ್ನೊಂದು ಪರೀಕ್ಷೆ ಇದೆ, ತಮ್ಮನೇ ಮಾಡಿಸಲಿ. ಅಜ್ಜಿ ಕುರ್ಚಿಯಲ್ಲಿ ಕೂತು ತನ್ನದೇ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ಮೀನಖಂಡದ ದಪ್ಪ ಭಾಗವನ್ನು ಸುತ್ತು ಹಿಡಿಯಬೇಕು. ಬೆರಳು ಕೂಡದಿದ್ದರೆ ಒಳ್ಳೆಯದು. ಕೂಡಿಯೂ ನಡುವೆ ಸಂದು ಉಳಿದರೆ ಮಾಂಸಖಂಡ ಕರಗಿರುವ ಸಾಧ್ಯತೆ ಹೆಚ್ಚು. ಕಾಶಿವಾದಲ್ಲಿ ತರಬೇತಿ ಪಡೆದ ಹಿರಿಯರೇ ಬೇರೆ ಹಿರಿಯರಿಗೆ ಇದನ್ನು ಮಾಡಿ ತೋರಿಸುತ್ತಾರೆ. ಯಂತ್ರ ಬೇಡ, ಕರೆಂಟು ಬೇಡ.

ಹಲ್ಲಿನ ವಿಷಯವನ್ನೂ ತಳ್ಳಿಹಾಕಬೇಡ. ಅಜ್ಜಿ ಈಚೆಗೆ ಮುದ್ದೆ ಸಾರಲ್ಲೇ ಊಟ ಮುಗಿಸುತ್ತಾಳೆ, ಅಗಿಯುವುದೆಲ್ಲ ಬಿಟ್ಟಿದ್ದಾಳೆ ಎಂದೆಯಲ್ಲ. ಅಗಿಯಲಾಗದವರು ಗಟ್ಟಿ ಪದಾರ್ಥ ಬಿಡುತ್ತಾರೆ, ಕಾಳು, ಮಾಂಸ ತಟ್ಟೆಯಿಂದ ಜಾರುತ್ತವೆ, ಮಾಂಸಖಂಡ ಕರಗುತ್ತದೆ. ಕೋಲಾರಕ್ಕೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ಟು ಸರಿಮಾಡಿಸಿ. ಅಲ್ಲಿಯವರೆಗೆ ಹಿತಕಿದ ಬೇಳೆ ಮೆತ್ತಗೆ ಬೇಯಿಸಿಕೊಡು, ಮೊಟ್ಟೆ ಕೊಡು. ಅವರೆಕಾಯಿ ಕಾಲ ಹೇಗೂ ಬಂತು.

ನಮ್ಮ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ದೊಡ್ಡಮ್ಮ ಹೋಗಿಬಂದದ್ದು ಅದಕ್ಕೇ ಇರಬೇಕು. ನಿನ್ನನ್ನೂ ಕೇಳಿಕೊಂಡು ಬಂದರೆ ಇಲ್ಲ ಅನ್ನಬೇಡ. ಮಾವಿನ ತೋಪಿನ ನಮ್ಮ ಹೆಂಗಸರು ಹೇಗೆ ಮುದುಕಾಗುತ್ತಾರೆ ಎನ್ನುವುದನ್ನು ಜಪಾನಿನ ಲೆಕ್ಕ ಇಟ್ಟುಕೊಂಡು ಹೇಳಲು ಆಗುವುದಿಲ್ಲ.

ಇನ್ನು ಇದು ಅಜ್ಜಿಗೆ, ತಮ್ಮ ಜೋರಾಗಿ ಓದಿ ಹೇಳಲಿ. ಅಜ್ಜೀ, ನಾಳೆಯಿಂದ ನೀನೇ ಡೇರಿಗೆ ಹೋಗು. ಕೂತ್ಕೋ ಅಂದವಳು ನಾನೇ, ತಪ್ಪು ನನ್ನದು. ಗೌರಿ ಹಸುವಿನ ಫ್ಯಾಟ್ ಎಷ್ಟು ಬಂತು ಅಂತ ಭಾನುವಾರ ಫೋನಿನಲ್ಲಿ ನೀನೇ ಹೇಳಬೇಕು, ಕಾಯುತ್ತಿರುತ್ತೇನೆ.

ನಿನ್ನ ಮಗಳು